ಲಾರಿ ಹೊರಡುವ ಮುನ್ನ, ಲಾರಿ ನಿಂತ ಮೇಲೆ

ಬೆಂಗಳೂರಿನ ಉಲ್ಲಾಳ ಕೆರೆಯ ಕಡೆ ನಸುಕಿನಲ್ಲೇ ವಾಕಿಂಗ್ ಹೋಗುವ ನನಗೆ ರಸ್ತೆ ಬದಿ ನಿಂತ ಲಾರಿಗಳು ಹಳೆಯ ಪರಿಚಯ. ಜಲ್ಲಿ, ಎಂ-ಸ್ಯಾಂಡ್ ತರುವ ಟಿಪ್ಪರುಗಳು, ನೀರಿನ ಟ್ಯಾಂಕರುಗಳು, ಪೀಣ್ಯಕ್ಕೋ ಕುಂಬಳಗೋಡಿಗೋ ಸರಕು ಒಯ್ಯುವ ಗಾಡಿಗಳು. ಒಂದು ಬೆಳಿಗ್ಗೆ ಟಿಪ್ಪರ್ ಚಾಲಕನೊಬ್ಬ ಕಬ್ಬಿಣದ ರಾಡ್ ಹಿಡಿದು ಹಿಂದಿನ ಜೋಡಿ ಟಯರುಗಳಿಗೆ ಒಂದೊಂದಾಗಿ ಬಡಿಯುತ್ತ ಬರುತ್ತಿದ್ದ. ಮೊದಲ ಮೂರು ಟಯರುಗಳಿಂದ ‘ಟಣ್’ ಎಂದು ಪುಟಿದ ಸದ್ದು ನಾಲ್ಕನೆಯದರಲ್ಲಿ ‘ದಬ್’ ಎಂದು ಅಲ್ಲೇ ಸತ್ತಿತು. ಅದು ಒಳಗಿನ ಟಯರು. ಪಕ್ಕದ ಹೊರಟಯರು ಭಾರ ಹೊತ್ತು ನಿಂತಿದ್ದರಿಂದ ಕಣ್ಣಿಗೆ ಏನೂ ತಪ್ಪು ಕಾಣುತ್ತಿರಲಿಲ್ಲ. “ನೋಡಿದ್ರೆ ಗೊತ್ತಾಗಲ್ಲ ಸಾರ್, ಕೇಳ್ಬೇಕು” ಎಂದ. ಫೋನ್ ತೆಗೆದು ಓನರ್‌ಗೆ ಹೇಳಿದ. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈತ “ಸರಿ ಅಣ್ಣ, ಸರಿ ಅಣ್ಣ” ಎಂದು ಎರಡು ಸಲ ಅಂದು, ರಾಡನ್ನು ಸೀಟಿನ ಹಿಂದೆ ಎಸೆದು, ಗಾಡಿ ಸ್ಟಾರ್ಟ್ ಮಾಡಿ ತಾವರೆಕೆರೆ ಕಡೆ ಹೊರಟೇಬಿಟ್ಟ.

ತಪಾಸಣೆ ಆಗಿತ್ತು, ದೋಷವೂ ಸಿಕ್ಕಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ. ಸರಕು ಲಾರಿಗಳ ಸುರಕ್ಷತೆಯನ್ನು ಯಾರು ನೋಡಬೇಕು, ಎಷ್ಟು ಸಲ ನೋಡಬೇಕು, ನೋಡಿದ ಮೇಲೆ ಗಾಡಿ ನಿಲ್ಲಿಸುವ ಹಕ್ಕು ಯಾರದು ಎಂಬ ಚರ್ಚೆ ಮೋಟಾರು ವಾಹನದಷ್ಟೇ ಹಳೆಯದು.

ಬೆಳಗಿನ ನೋಟ, ರಾತ್ರಿಯ ನೋಟ

ಹೊರಡುವ ಮುನ್ನ ಒಂದು ಸಲ, ವಾಪಸ್ ಬಂದ ಮೇಲೆ ಒಂದು ಸಲ ಗಾಡಿ ನೋಡಬೇಕು ಎಂದರೆ ಒಂದೇ ಕೆಲಸವನ್ನು ಎರಡು ಬಾರಿ ಮಾಡಿದಂತೆ ಅನಿಸಬಹುದು. ಹಾಗಲ್ಲ. ರಾತ್ರಿಯೆಲ್ಲ ನಿಂತ ಲಾರಿಯ ಕೆಳಗೆ ನೆಲದ ಮೇಲೆ ಬಿದ್ದ ಎಣ್ಣೆಯ ಕಲೆ ಬೆಳಿಗ್ಗೆ ಮಾತ್ರ ಕಾಣುತ್ತದೆ. ಇಂಜಿನ್ ಆಯಿಲ್, ರೇಡಿಯೇಟರ್ ನೀರು ಅಳೆಯುವುದೂ ಇಂಜಿನ್ ತಣ್ಣಗಿದ್ದಾಗಲೇ. ಸ್ಟಾರ್ಟ್ ಮಾಡಿದ ಮೇಲೆ ಏರ್ ಮೀಟರಿನ ಮುಳ್ಳು ಎಷ್ಟು ಹೊತ್ತಿಗೆ ಮೇಲೇರಿತು, ಇಂಜಿನ್ ಬಂದ್ ಮಾಡಿ ಬ್ರೇಕ್ ಒತ್ತಿ ಹಿಡಿದರೆ ಎಲ್ಲಾದರೂ ‘ಸುಸ್’ ಎಂಬ ಸದ್ದಿದೆಯೇ ಎಂದು ಕಿವಿಗೊಡುವುದು ಬೆಳಗಿನ ಮೌನದಲ್ಲಿ ಸುಲಭ. ವೀಲ್ ನಟ್ಟಿನಿಂದ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲವಾಗಿ ಅಲುಗುತ್ತಿದೆ ಎಂದರ್ಥ. ಜಲ್ಲಿ ಗಾಡಿಯಾದರೆ ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ನೋಡಲೇಬೇಕು. ವೇಗ ಹಿಡಿದಾಗ ಆ ಕಲ್ಲು ಹಿಂದೆ ಬರುವ ಸ್ಕೂಟರಿನವನ ಮುಖಕ್ಕೆ ಸಿಡಿಯುತ್ತದೆ.

ವಾಪಸ್ ಬಂದ ಗಾಡಿ ಹೇಳುವ ಕಥೆ ಬೇರೆ. ನುರಿತ ಚಾಲಕ ಇಳಿದವನೇ ಒಂದೊಂದು ಚಕ್ರದ ಬಳಿ ಹೋಗಿ ಹಬ್ಬಿನ ಹತ್ತಿರ ಅಂಗೈ ಒಡ್ಡುತ್ತಾನೆ. ಎಲ್ಲ ಚಕ್ರಗಳೂ ಒಂದೇ ಹದಕ್ಕೆ ಬೆಚ್ಚಗಿದ್ದರೆ ಸರಿ. ಒಂದೇ ಒಂದು ಕಾದು ಸುಡುತ್ತಿದ್ದರೆ ಬೇರಿಂಗಿನ ಗ್ರೀಸ್ ಒಣಗಿದೆ, ಇಲ್ಲವೇ ಬ್ರೇಕ್ ಲೈನರ್ ಬಿಡದೆ ಡ್ರಮ್ಮಿಗೆ ಉಜ್ಜುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರ ಬ್ರೇಕೇ ಹಿಡಿಯುತ್ತಿಲ್ಲ. ಈ ಸುದ್ದಿ ಒಂದು ಗಂಟೆಯಲ್ಲಿ ಆರಿಹೋಗುತ್ತದೆ. ಮರುದಿನ ಬೆಳಿಗ್ಗೆ ಎಷ್ಟು ಮುಟ್ಟಿ ನೋಡಿದರೂ ಎಲ್ಲ ಚಕ್ರಗಳೂ ತಣ್ಣಗೆ. ರಾತ್ರಿ ದೋಷ ಗೊತ್ತಾದರೆ ಇನ್ನೂ ಒಂದು ಲಾಭವಿದೆ: ರಿಪೇರಿಗೆ ಆ ರಾತ್ರಿಯ ಸಮಯ ಸಿಗುತ್ತದೆ. ಬೆಳಿಗ್ಗೆ ಸರಕು ಹೇರಿ ನಿಂತಾಗ ಸಿಕ್ಕ ದೋಷಕ್ಕೆ ಯಾರ ಬಳಿಯೂ ಸಮಯವಿರುವುದಿಲ್ಲ.

ಕ್ಲೀನರ್ ಇದ್ದ ಕಾಲ

ನಮ್ಮ ಲಾರಿಗಳಲ್ಲಿ ಈ ತಪಾಸಣೆಗೆ ಬರೆದಿಟ್ಟ ಪಟ್ಟಿ ಇರಲಿಲ್ಲ. ಕ್ಲೀನರ್ ಇದ್ದ. ನಿಂತಲ್ಲೆಲ್ಲ ಇಳಿದು ಟಯರ್ ಬಡಿಯುವುದು, ಹಗ್ಗ ಬಿಗಿಯುವುದು, ಟಾರ್ಪಾಲು ಸರಿಮಾಡುವುದು, ಗಾಜು ಒರೆಸುವುದು, ರಿವರ್ಸಿಗೆ ಹಿಂದೆ ನಿಂತು “ರೈಟ್, ರೈಟ್” ಅನ್ನುವುದು ಅವನ ಪಾಲು. ಹೊಡೆತ ತಿಂದು, ಹಸಿದು, ಕ್ಯಾಬಿನ್ ಮೇಲೆ ಮಲಗಿ ಬೆಳೆದ ಹುಡುಗರೇ ಮುಂದೆ ಡ್ರೈವರುಗಳಾದರು. ಆ ವ್ಯವಸ್ಥೆಯಲ್ಲಿ ಅನ್ಯಾಯ ಬಹಳವಿತ್ತು. ಆದರೆ ಲಾರಿಗೆ ನಾಲ್ಕು ಕಣ್ಣುಗಳೂ ಇದ್ದವು.

ಏರ್ ಬ್ರೇಕಿನ ಹೊಂದಾಣಿಕೆ ನೋಡಲು ಒಬ್ಬ ಪೆಡಲ್ ಒತ್ತಬೇಕು, ಇನ್ನೊಬ್ಬ ಕೆಳಗೆ ನುಸುಳಿ ಬ್ರೇಕಿನ ರಾಡು ಎಷ್ಟು ಮುಂದೆ ಬರುತ್ತದೆಂದು ನೋಡಬೇಕು. ಒಬ್ಬನೇ ಇದ್ದರೆ ಈ ಕೆಲಸ ಆಗುವುದು ಕಷ್ಟ. ಖರ್ಚು ಉಳಿಸಲು ಮಾಲೀಕರು ಕ್ಲೀನರನ್ನು ಬಿಟ್ಟರು. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ, ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ಷರತ್ತನ್ನೂ ತೆಗೆಯಿತು. ಲಾರಿಯಲ್ಲಿ ಎರಡನೆಯವನೇ ಇಲ್ಲವಾದ ಮೇಲೆ ಅವನು ಮಾಡುತ್ತಿದ್ದ ತಪಾಸಣೆಯನ್ನು ಯಾರಿಗೂ ಒಪ್ಪಿಸಲಿಲ್ಲ. ಈ ಇಡೀ ಚರ್ಚೆಯಲ್ಲಿ ನಾವು ಮರೆತಿರುವ ದೊಡ್ಡ ಸಂಗತಿ ಇದೇ ಎಂದು ನನಗನಿಸುತ್ತದೆ.

ಬಸ್ಸಿನ ಕಡೆ ಬೇರೊಂದು ಪರಂಪರೆ ಬೆಳೆಯಿತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಅದರ ಡಿಪೊಗಳಲ್ಲಿ ಚಾಲಕ ಡ್ಯೂಟಿ ಮುಗಿಸಿ ಬಂದು ಗಾಡಿಯ ತೊಂದರೆಯನ್ನು ಲಾಗ್‌ಶೀಟಿನಲ್ಲಿ ಬರೆದುಕೊಡುವುದು, ರಾತ್ರಿ ಪಾಳಿಯ ಮೆಕ್ಯಾನಿಕ್ ಅದನ್ನು ನೋಡಿ ಸರಿಮಾಡುವುದು ರೂಢಿಯಾಯಿತು. ಅಂದರೆ ಓಡಿಸಿದ ಮೇಲಿನ ತಪಾಸಣೆ ನಮಗೆ ಹೊರಗಿನಿಂದ ಬಂದ ಹೊಸ ವಿಚಾರವೇನಲ್ಲ. ಡಿಪೊ, ಮೆಕ್ಯಾನಿಕ್, ಬದಲಿ ಬಸ್ಸು ಇರುವ ಕಡೆ ಅದು ನಡೆದುಬಂದಿದೆ. ಒಂದೇ ಲಾರಿ, ಅದಕ್ಕೊಂದು ಸಾಲ, ಬದಲಿ ಗಾಡಿ ಇಲ್ಲ ಎನ್ನುವವನ ಬಳಿ ಅದು ತಲುಪಲೇ ಇಲ್ಲ.

ಎಫ್‌ಸಿಯನ್ನು ನಂಬಿದವರು

ಗಾಡಿಯನ್ನು ಯಾರು ನೋಡಬೇಕೆಂಬ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರ ಎಫ್‌ಸಿ, ಅಂದರೆ ವಾಹನದ ಅರ್ಹತಾ ಪತ್ರ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಅರ್ಹತಾ ಪತ್ರವಿತ್ತು. 1988ರ ಕಾಯ್ದೆಯಲ್ಲಿ ಅದು ಕಲಂ 56. ಹೊಸ ಸರಕು ವಾಹನಕ್ಕೆ ಎರಡು ವರ್ಷ, ಆಮೇಲೆ ವರ್ಷಕ್ಕೊಂದು ಸಲ ನವೀಕರಣ ಎಂದಿದ್ದ ನಿಯಮವನ್ನು 2018ರಲ್ಲಿ ಸಡಿಲಿಸಿ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಸಾಕು, ಅನಂತರ ಪ್ರತಿ ವರ್ಷ ಎಂದು ಮಾಡಲಾಯಿತು. ಅದೇ ವರ್ಷ ಲಾರಿಗಳ ಭಾರದ ಮಿತಿಯೂ ಏರಿತು. ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಹೋಯಿತು. ಭಾರ ಹೆಚ್ಚಿಸಿ, ತಪಾಸಣೆ ಕಡಿಮೆ ಮಾಡಿದ್ದು ಒಂದೇ ವರ್ಷದಲ್ಲಿ. ಇದನ್ನು ಆಗ ಜೋಡಿಸಿ ನೋಡಿದವರು ಕಡಿಮೆ.

ಉಲ್ಲಾಳದ ಸುತ್ತಲ ಗಾಡಿಗಳು ಎಫ್‌ಸಿಗೆ ಹೋಗುವುದು ಹೆಚ್ಚಾಗಿ ಕೆಎ-41ರ ಜ್ಞಾನಭಾರತಿ ಆರ್‌ಟಿಒ ವ್ಯಾಪ್ತಿಯಲ್ಲಿ. ಎಫ್‌ಸಿಯನ್ನೇ ನಂಬುವ ಈ ಮೊದಲ ಪಂಥದವರ ವಾದಕ್ಕೆ ತೂಕವಿದೆ: ಮಾಲೀಕನಿಗೂ ಚಾಲಕನಿಗೂ ಲಾಭ ನಷ್ಟದ ಲೆಕ್ಕವಿರುತ್ತದೆ, ಹೊರಗಿನ ಅಧಿಕಾರಿಗೆ ಅದಿಲ್ಲ. ಗಾಡಿಯನ್ನು ರಸ್ತೆಗಿಳಿಯದಂತೆ ತಡೆಯುವ ಶಕ್ತಿ ಇರುವುದೂ ಅವನಿಗೇ. ಕಣ್ಣಳತೆಯ ಪರೀಕ್ಷೆಯಲ್ಲಿ ಕೈಬಿಸಿ ನಡೆಯುತ್ತದೆ ಎಂಬ ದೂರಿಗೆ ಉತ್ತರವಾಗಿ ಯಂತ್ರಗಳೇ ಬ್ರೇಕು, ಹೊಗೆ, ಹೆಡ್‌ಲೈಟು ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಬಂದವು. ನೆಲಮಂಗಲದಲ್ಲಿ ಅಂಥದ್ದೊಂದಿದೆ. 2019ರ ತಿದ್ದುಪಡಿ ಕಾಯ್ದೆ, 2021ರ ನಿಯಮಗಳು ದೇಶವಿಡೀ ಇದನ್ನೇ ಗುರಿಯಾಗಿಟ್ಟುಕೊಂಡವು. ಭಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ ಎಂದಿದ್ದ ಗಡುವು 2024ರ ಅಕ್ಟೋಬರ್ 1ಕ್ಕೆ ಮುಂದೆ ಹೋಯಿತು. ಕೇಂದ್ರಗಳೇ ಸಾಲದಾಗಿದ್ದವು.

ಈ ವಾದದ ಮಿತಿ ಗ್ಯಾರೇಜಿನಲ್ಲಿ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಎಫ್‌ಸಿ ದಿನಕ್ಕೆ ಒಳ್ಳೆಯ ಟಯರು ಹಾಕಿಸಿ, ಸೀಲು ಬಿದ್ದ ಮೇಲೆ ಬಿಚ್ಚಿಸಿ ಹಳೆಯ ರೀಸೋಲ್ ಟಯರನ್ನೇ ಹಾಕಿಸುವುದು ಹೊಸ ವಿದ್ಯೆಯಲ್ಲ. ಅದನ್ನೆಲ್ಲ ಪ್ರಾಮಾಣಿಕವಾಗಿ ಮಾಡಿದರೂ ಎಫ್‌ಸಿ ಹೇಳುವುದು ಒಂದು ದಿನದ ಸತ್ಯ. ಬ್ರೇಕ್ ಲೈನರ್ ಸವೆಯುವುದು ಉಳಿದ ದಿನಗಳಲ್ಲಿ.

ಚಾಲಕನೇ ನೋಡಲಿ ಎನ್ನುವವರು

ಎರಡನೆಯ ಪಂಥ ಅಮೆರಿಕ, ಬ್ರಿಟನ್‌ಗಳಲ್ಲಿ ಬಲವಾಗಿ ಬೆಳೆದದ್ದು. ಅಮೆರಿಕದ ಕೇಂದ್ರ ನಿಯಮದಂತೆ ಚಾಲಕ ಹೊರಡುವ ಮುನ್ನ ಗಾಡಿ ಸುರಕ್ಷಿತವೆಂದು ಮನಗಾಣಬೇಕು, ದಿನದ ಕೆಲಸ ಮುಗಿದ ಮೇಲೆ ಸಿಕ್ಕ ದೋಷವನ್ನು ಬರೆದುಕೊಡಬೇಕು, ಕಂಪನಿ ಅದನ್ನು ಸರಿಪಡಿಸಿ ಸಹಿ ಹಾಕಬೇಕು, ಮರುದಿನದ ಚಾಲಕ ಆ ಸಹಿ ನೋಡಬೇಕು. ಬ್ರಿಟನ್ನಿನಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡುವ ದಿನನಿತ್ಯದ ಪರೀಕ್ಷೆ ಲಾರಿ ಕಂಪನಿಗಳ ಪರವಾನಗಿಯ ಜೊತೆಗೇ ಬೆಸೆದುಕೊಂಡಿದೆ.

ಈ ಪಂಥದೊಳಗೇ ಒಂದು ಜಗಳವಿದೆ. ದೋಷ ಏನೂ ಇಲ್ಲದ ದಿನವೂ ‘ಎಲ್ಲ ಸರಿ ಇದೆ’ ಎಂದು ಬರೆಯಬೇಕೇ? ಬ್ರಿಟನ್ನಿನ ಅಧಿಕಾರಿಗಳು ಬರೆಯುವುದೇ ಒಳ್ಳೆಯದು ಎನ್ನುತ್ತಾರೆ; ತಪಾಸಣೆ ನಡೆದದ್ದಕ್ಕೆ ಅದೊಂದೇ ಪುರಾವೆ. ಅಮೆರಿಕ 2014ರ ಡಿಸೆಂಬರಿನಲ್ಲಿ ಸರಕು ಲಾರಿಗಳಿಗೆ ಆ ಬರಹವನ್ನು ಕೈಬಿಟ್ಟಿತು. ರಾಶಿ ರಾಶಿ ‘ಎಲ್ಲ ಸರಿ’ ಕಾಗದಗಳಿಂದ ಸಮಯ ಹಾಳು ಎಂಬುದು ಅದರ ಲೆಕ್ಕ. ಗಾಡಿ ನೋಡದೆಯೇ ಟಿಕ್ ಹಾಕುವ ಚಟ ಎಲ್ಲ ದೇಶದಲ್ಲೂ ಇದೆ. ಆದರೂ ಬರೆಯುವ ಕೈ ನೋಡುವ ಕಣ್ಣನ್ನು ಒಂದು ಗಳಿಗೆ ನಿಲ್ಲಿಸುತ್ತದೆ ಎಂಬ ವಾದ ನನಗೆ ಸರಿ ಕಾಣುತ್ತದೆ.

ನಮ್ಮ ಕಾನೂನಿನಲ್ಲಿ ಈ ಪಂಥದ ಬೀಜ ಕಲಂ 190ರಲ್ಲಿದೆ. ಗೊತ್ತಿದ್ದ ದೋಷ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿರುವ ಗಾಡಿಯನ್ನು ಓಡಿಸಿದರೂ, ಓಡಿಸಲು ಬಿಟ್ಟರೂ ಅಪರಾಧ. ಮೊದಲು ₹250 ಇದ್ದ ದಂಡ 2019ರ ತಿದ್ದುಪಡಿಯಲ್ಲಿ ₹1,500 ಆಯಿತು. ಆ ದೋಷದಿಂದ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆ ಅಥವಾ ₹5,000 ದಂಡ. ‘ಸಾಮಾನ್ಯ ಎಚ್ಚರಿಕೆ’ ಎಂಬ ಎರಡು ಪದಗಳೊಳಗೆ ಆ ಟಿಪ್ಪರ್ ಚಾಲಕನ ಕಬ್ಬಿಣದ ರಾಡ್ ಅಡಗಿದೆ. ಹೋಲಿಸಿ ನೋಡಿ: ಮಿತಿ ಮೀರಿ ಭಾರ ಹೇರಿದರೆ ₹20,000 ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ ₹2,000. ವೇಬ್ರಿಡ್ಜಿನಲ್ಲಿ ಅಳೆಯಬಹುದಾದದ್ದಕ್ಕೆ ಕಾನೂನು ಕೊಟ್ಟ ಬೆಲೆ ಅದು, ಎಚ್ಚರಿಕೆಗೆ ಕೊಟ್ಟದ್ದು ಇದು.

ಹೊಣೆ ಮಾಲೀಕನದೇ ಎನ್ನುವವರು

2015ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಬಾತ್ ಊರಿನ ಕಡಿದಾದ ಇಳಿಜಾರಿನಲ್ಲಿ ಟಿಪ್ಪರೊಂದರ ಬ್ರೇಕ್ ವಿಫಲವಾಗಿ ನಾಲ್ಕು ವರ್ಷದ ಮಗುವೂ ಸೇರಿ ನಾಲ್ವರು ಸತ್ತರು. ನ್ಯಾಯಾಲಯ ಚಾಲಕನನ್ನು ಖುಲಾಸೆ ಮಾಡಿತು. 2017ರ ಜನವರಿಯಲ್ಲಿ ಜೈಲಿಗೆ ಹೋದವರು ಲಾರಿಯ ಮಾಲೀಕ ಮತ್ತು ಮೆಕ್ಯಾನಿಕ್. ಮೂರನೆಯ ಪಂಥದವರು ಹೇಳುವುದು ಇದನ್ನೇ. ದೋಷ ನೋಡುವುದು ಚಾಲಕನ ಕೈಯಲ್ಲಿದೆ. ಸರಿಮಾಡಿಸುವ ದುಡ್ಡು, ಗಾಡಿ ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿಲ್ಲ.

ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಈ ದೃಷ್ಟಿಯಿಂದ ನೋಡಿದರೆ ಬಹಳ ವಿವೇಕದ್ದಾಗಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅದು ಕೆಲಸದ ಮಿತಿ ಹಾಕಿತು. ಗಾಡಿ ವಹಿಸಿಕೊಳ್ಳುವುದು, ಶೆಡ್ಡಿಗೆ ಸೇರಿಸುವುದು, ಅದರ ಆರೈಕೆ ಮತ್ತು ರಿಪೇರಿ, ಸರಕು ಹೇರಿ ಇಳಿಸುವುದು ಇವೆಲ್ಲವೂ ಪೂರಕ ಕೆಲಸವೆಂದು ಆ ಗಂಟೆಗಳೊಳಗೇ ಸೇರಿಸಿತು. ಅಂದರೆ ಬೆಳಗಿನ ಅರ್ಧ ಗಂಟೆಗೂ ರಾತ್ರಿಯ ಅರ್ಧ ಗಂಟೆಗೂ ಸಂಬಳ ಕೊಡಬೇಕೆಂಬ ತತ್ವವನ್ನು ದೇಶ ಅರವತ್ತು ವರ್ಷದ ಹಿಂದೆಯೇ ಒಪ್ಪಿತ್ತು. ಆದರೆ ಐದು ಮಂದಿಗಿಂತ ಕಡಿಮೆ ಕಾರ್ಮಿಕರಿರುವ ಕಡೆ ಆ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ಲಾರಿ ಉದ್ಯಮವೋ ಒಂದೆರಡು ಗಾಡಿಯ ಮಾಲೀಕರದು. ಅಲ್ಲಿ ಚಾಲಕನಿಗೆ ಸಿಗುವುದು ಟ್ರಿಪ್ ಲೆಕ್ಕ, ಮೇಲೊಂದಿಷ್ಟು ಬಾಟಾ. ಟಯರ್ ಬದಲಿಸಲು ನಿಂತ ಗಂಟೆಗೆ ಬೆಲೆ ಇಲ್ಲ. ಹಗಲು ನಗರದೊಳಗೆ ಭಾರಿ ಲಾರಿಗಳಿಗೆ ನಿರ್ಬಂಧವಿರುವುದರಿಂದ, ನಿಷೇಧದ ಹೊತ್ತು ಶುರುವಾಗುವ ಮುನ್ನ ದಾಟಬೇಕೆಂಬ ಆತುರ ಬೇರೆ. ತಪಾಸಣೆ ನಡೆಯುವುದು ಕತ್ತಲಲ್ಲಿ, ಮೊಬೈಲಿನ ಬೆಳಕಿನಲ್ಲಿ.

ಅಮೆರಿಕದಲ್ಲಿ 1982ರ ಒಂದು ಕಾನೂನು, ಅಸುರಕ್ಷಿತ ಗಾಡಿಯನ್ನು ಓಡಿಸಲಾರೆ ಎಂದ ಚಾಲಕನನ್ನು ಕೆಲಸದಿಂದ ತೆಗೆಯದಂತೆ ರಕ್ಷಣೆ ಕೊಡುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಕಲಂ ಇಲ್ಲ. “ಸರಿ ಅಣ್ಣ” ಎನ್ನದೆ ಆ ಟಿಪ್ಪರ್ ಚಾಲಕ ಇನ್ನೇನು ಹೇಳಬಹುದಿತ್ತು?

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ಡೀಸೆಲ್, ಟೋಲ್, ವಿಮೆ, ಕಂತು ಎಲ್ಲ ಕಟ್ಟಿದ ಮೇಲೆ ಬಾಡಿಗೆಯಲ್ಲಿ ಉಳಿಯುವುದು ಕಡಿಮೆ. ಡೀಸೆಲ್ ದರ, ಟೋಲ್ ವಿಚಾರಕ್ಕೆ ರಾಜ್ಯದ ಲಾರಿ ಮಾಲೀಕರು 2025ರ ಏಪ್ರಿಲ್‌ನಲ್ಲಿ ಮುಷ್ಕರಕ್ಕಿಳಿದಿದ್ದರು. ಬಾಡಿಗೆ ದರ ನಿಗದಿ ಮಾಡುವವನು ಸರಕಿನ ಒಡೆಯ. ಅವನ ಹೆಸರು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಯಂತ್ರವೇ ಹೇಳಲಿ ಎನ್ನುವವರು

ನಾಲ್ಕನೆಯ ಪಂಥ ಹೊಸದು. ಹೊಸ ಲಾರಿಗಳಲ್ಲಿ ಎಬಿಎಸ್ ಇದೆ, ವೇಗ ಮಿತಿ ಸಾಧನವಿದೆ. ಕರ್ನಾಟಕದಲ್ಲಿ ನ್ಯಾಷನಲ್ ಪರ್ಮಿಟ್ ಸರಕು ವಾಹನಗಳಿಗೆ ಜಾಡು ಪತ್ತೆ ಸಾಧನವೂ ಕಡ್ಡಾಯ. ಟಯರಿನ ಗಾಳಿ, ಹಬ್ಬಿನ ಬಿಸಿ ಅಳೆಯುವ ಸೆನ್ಸರುಗಳು ದೊಡ್ಡ ಕಂಪನಿಗಳ ಗಾಡಿಗಳಲ್ಲಿ ಬರುತ್ತಿವೆ. ಆದರೆ ಉಲ್ಲಾಳದ ರಸ್ತೆಯಲ್ಲಿ ನಿಲ್ಲುವುದು ಮೂರನೆಯ, ನಾಲ್ಕನೆಯ ಕೈಗೆ ಬಂದ ಗಾಡಿಗಳು. ಹೊಸ ಲಾರಿಯ ಸೆನ್ಸರ್ ಅವುಗಳನ್ನು ಕಾಯುವುದಿಲ್ಲ.

ಅಂಕಿಗಳ ಜಗಳ

ವಾಹನದ ದೋಷದಿಂದ ಎಷ್ಟು ಅಪಘಾತವಾಗುತ್ತವೆ? ಈ ಚರ್ಚೆಯ ಗಂಟು ಇರುವುದು ಇಲ್ಲಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಸರ್ಕಾರಿ ವರದಿಯಲ್ಲಿ ಬಹುಪಾಲು ಹೊಣೆ ಅತಿವೇಗದ್ದು. ಅಪಘಾತವಾದ ಗಾಡಿಯನ್ನು ಮೋಟಾರು ವಾಹನ ಕಾಯ್ದೆಯ ಕಲಂ 136ರಂತೆ ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸುತ್ತಾರೆ. ಪರಿಹಾರದ ಮೊಕದ್ದಮೆಗಳ ಕಡತ ತಿರುವಿದರೆ, ಅಪಘಾತ ಯಾವುದೇ ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂಬ ಒಂದೇ ಬಗೆಯ ಒಕ್ಕಣೆ ಮತ್ತೆ ಮತ್ತೆ ಎದುರಾಗುತ್ತದೆ. ಠಾಣೆಯ ಆವರಣದಲ್ಲಿ ನಿಂತ ಲಾರಿಯ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡುವುದು ಒಂದು. ಭಾರ ಹೊತ್ತು ಘಾಟಿ ಇಳಿಯುವಾಗ ಹಿಡಿದಿತ್ತೇ ಎಂಬುದು ಇನ್ನೊಂದು.

ಈ ಎರಡರ ಅಂತರ ತಿಳಿಯಲು ಬೆಂಗಳೂರು–ಸೇಲಂ ದಾರಿಯ ತೊಪ್ಪೂರು ಘಾಟಿ ನೋಡಬೇಕು. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತುತ್ತ ಹೋದರೆ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಊರೊಳಗೆ ಚೆನ್ನಾಗಿಯೇ ನಿಲ್ಲುತ್ತಿದ್ದ, ಆದರೆ ಹೊಂದಾಣಿಕೆ ತಪ್ಪಿದ ಬ್ರೇಕು ಅಲ್ಲಿ ಕೈಕೊಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಸೇರಿದರೆ ಮುಗಿಯಿತು. ಬೆಂಗಳೂರು–ಮುಂಬೈ ಹೆದ್ದಾರಿಯಲ್ಲೂ ಪುಣೆಯ ನವಲೆ ಸೇತುವೆ ಬಳಿ 2022ರ ನವೆಂಬರ್ 20ರಂದು ಇಳಿಜಾರಿನಲ್ಲಿ ಹಿಡಿತ ತಪ್ಪಿದ ಟ್ಯಾಂಕರಿನಿಂದ 40ಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು. ಇಂಥ ಕಡೆ ಚಾಲಕನ ತಪ್ಪು, ಬ್ರೇಕಿನ ತಪ್ಪು ಎಂದು ಗೆರೆ ಎಳೆಯುವುದೇ ಕಷ್ಟ.

ಅಮೆರಿಕದಲ್ಲಿ 2001ರಿಂದ 2003ರವರೆಗೆ 963 ಲಾರಿ ಅಪಘಾತಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಅಧ್ಯಯನ ಈ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ಅಪಘಾತಕ್ಕೆ ಲಾರಿಯ ಕಡೆಯಿಂದ ಕೊನೆಯ ಕಾರಣ ಯಾವುದು ಎಂದು ಕೇಳಿದಾಗ ಶೇ 87ರಷ್ಟು ಚಾಲಕನ ಕಡೆ, ಶೇ 10ರಷ್ಟು ಮಾತ್ರ ವಾಹನದ ಕಡೆ ಬೆರಳು ತೋರಿತು. ಆದರೆ ಅದೇ ಲಾರಿಗಳಲ್ಲಿ ಶೇ 29ರಷ್ಟರಲ್ಲಿ ಬ್ರೇಕಿನ ತೊಂದರೆ ಇತ್ತು. ಯಾವ ಅಂಕಿಯನ್ನು ಎತ್ತಿಕೊಳ್ಳುತ್ತೀರಿ ಎಂಬುದರ ಮೇಲೆ ನೀವು ಯಾವ ಪಂಥದವರು ಎಂಬುದು ತೀರ್ಮಾನವಾಗುತ್ತದೆ. ನನ್ನ ಓದಿನಲ್ಲಿ ಎರಡನೆಯ ಅಂಕಿಯೇ ಮುಖ್ಯ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪಾದಾಗ ಹತ್ತು ಅಡಿ ಮುಂಚೆ ಗಾಡಿ ನಿಲ್ಲುವುದೋ ಹತ್ತು ಅಡಿ ಆಚೆ ನಿಲ್ಲುವುದೋ ಎಂಬುದನ್ನು ಬ್ರೇಕು ನಿರ್ಧರಿಸುತ್ತದೆ.

ಇತ್ಯರ್ಥವಾಗದೆ ಉಳಿದದ್ದು

2022ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೆಬ್ಬಾಳದಲ್ಲಿ, ನಮ್ಮ ಪಕ್ಕದ ನಾಯಂಡಹಳ್ಳಿಯಲ್ಲಿ ಕಸದ ಲಾರಿಗಳು ಜನರ ಮೇಲೆ ಹರಿದಾಗ ಊರೆಲ್ಲ ಸಿಟ್ಟಾಯಿತು. ಸಿಟ್ಟು ಇಳಿದ ಮೇಲೆ ಉಳಿದ ಪ್ರಶ್ನೆಗಳು ಉಳಿದೇ ಇವೆ. ದಿನವೂ ಬೀದಿಯೊಳಗೆ ನುಗ್ಗುವ ಕಸದ ಲಾರಿ, ನೀರಿನ ಟ್ಯಾಂಕರ್, ಜಲ್ಲಿ ಟಿಪ್ಪರ್‌ಗಳಿಗೆ ಹೆದ್ದಾರಿ ಲಾರಿಯ ಪಟ್ಟಿಯೇ ಸಾಕೇ, ಬೇರೆಯದು ಬೇಕೇ? ಒಂದೇ ಲಾರಿಯ ಮಾಲೀಕ ತಾನೇ ಚಾಲಕನೂ ಆಗಿದ್ದಾಗ ದೋಷವನ್ನು ಯಾರಿಗೆ ವರದಿ ಮಾಡಬೇಕು? ಎಫ್‌ಸಿ ಇಲ್ಲದ ಗಾಡಿ ಅಪಘಾತ ಮಾಡಿದರೆ ವಿಮೆ ಕಂಪನಿಯ ಹೊಣೆ ಎಷ್ಟು? ಅದು ಪಾಲಿಸಿಯ ಮೂಲಭೂತ ಉಲ್ಲಂಘನೆ ಎಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2018ರ ಪರೀದ್ ಪಿಳ್ಳೈ ಪ್ರಕರಣದಲ್ಲಿ ಹೇಳಿತು. ಪಾಲಿಸಿಯ ಷರತ್ತು ಮುರಿದಿದ್ದರೂ ವಿಮೆ ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬುದು ಕರ್ನಾಟಕದ ಪೂರ್ಣಪೀಠ 2020ರ ಯಲ್ಲವ್ವ ಪ್ರಕರಣದಲ್ಲಿ ಹಿಡಿದ ದಾರಿ. ದಿನನಿತ್ಯದ ತಪಾಸಣೆಯ ದಾಖಲೆ ಇದ್ದರೆ ವಿಮೆಯ ಕಂತು ಇಳಿಸಬಹುದೇ ಎಂಬುದೂ ತೆರೆದ ಪ್ರಶ್ನೆ. ಎಲ್ಲಕ್ಕಿಂತ ಮೇಲಿನದು, ದೋಷ ಕಂಡವನು ಗಾಡಿ ನಿಲ್ಲಿಸಿದರೆ ಆ ದಿನದ ಕೂಲಿ ಯಾರು ಕೊಡಬೇಕು ಎಂಬುದು. ಅದಕ್ಕೆ ಉತ್ತರ ಸಿಗುವವರೆಗೆ ಎಷ್ಟು ಪಟ್ಟಿ ಮುದ್ರಿಸಿದರೂ ಅವು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಕಾಯುತ್ತವೆ ಎಂದೇ ನನ್ನ ನಂಬಿಕೆ.

ನಿಮ್ಮ ಮನೆ ಕಟ್ಟುವ ಜಾಗಕ್ಕೆ ಜಲ್ಲಿ ತರಬೇಕಾದ ಚಾಲಕ ಬೆಳಿಗ್ಗೆ ಫೋನ್ ಮಾಡಿ “ಒಳಗಿನ ಟಯರ್ ಹೋಗಿದೆ ಸಾರ್, ಹಾಕಿಸ್ಕೊಂಡು ಬರಕ್ಕೆ ಒಂದು ಗಂಟೆ ಲೇಟಾಗುತ್ತೆ” ಎಂದರೆ, ದಯವಿಟ್ಟು ಬೇರೆ ಗಾಡಿಗೆ ಹೇಳಬೇಡಿ. “ಆಗಲಪ್ಪ, ಹಾಕಿಸ್ಕೊಂಡೇ ಬಾ” ಎನ್ನಿ.